ವಿಲಿಯಂ ಹಿಗಿನ್‌ಬಾಥಮ್: ಪರದೆಯ ಮೇಲೆ ಟೆನಿಸ್ ಆಡಿಸಿದ ವಿಜ್ಞಾನಿ

ಮಕ್ಕಳೇ, ನಿಮ್ಮಲ್ಲಿ ಹಲವರು ಮೊಬೈಲಿನಲ್ಲೋ ಟಿ.ವಿ.ಯಲ್ಲೋ ವಿಡಿಯೋ ಗೇಮ್ ಆಡಿರುತ್ತೀರಿ. ಆಡದವರು ಆಡುವವರ ಹೆಗಲ ಮೇಲಿಂದ ಇಣುಕಿ ನೋಡಿಯಾದರೂ ಇರುತ್ತೀರಿ. ಈಗಂತೂ ಆಟದ ಲೆಕ್ಕಾಚಾರವೆಲ್ಲ ಎಲ್ಲೋ ದೂರದ ದೊಡ್ಡ ಗಣಕಯಂತ್ರಗಳಲ್ಲಿ ನಡೆದು, ಚಿತ್ರ ಮಾತ್ರ ಅಂತರಜಾಲದ ಮೂಲಕ ನಮ್ಮ ಕೈಯಲ್ಲಿನ ಪರದೆಗೆ ಬರುವ ವ್ಯವಸ್ಥೆಯೂ ಇದೆ. ಇಂಥ ಆಟಗಳ ಮೂಲ ಹುಡುಕುತ್ತ ಹಿಂದೆ ಹಿಂದೆ ಹೋದರೆ ಅಮೆರಿಕದ ಒಬ್ಬ ಭೌತವಿಜ್ಞಾನಿಯ ಹೆಸರು ಸಿಗುತ್ತದೆ. ಅವರೇ ವಿಲಿಯಂ ಹಿಗಿನ್‌ಬಾಥಮ್. ಸೋಜಿಗವೆಂದರೆ, ಆಟದಿಂದ ತಮ್ಮ ಹೆಸರು ಉಳಿಯುವುದು ಅವರಿಗೆ ಅಷ್ಟಾಗಿ ಇಷ್ಟವಿರಲಿಲ್ಲ. ಏಕಿರಬಹುದು?

ಹಿಗಿನ್‌ಬಾಥಮ್ ಹುಟ್ಟಿದ್ದು 1910ರ ಅಕ್ಟೋಬರ್ 25ರಂದು, ಕನೆಕ್ಟಿಕಟ್ ರಾಜ್ಯದ ಬ್ರಿಡ್ಜ್‌ಪೋರ್ಟ್‌ನಲ್ಲಿ. ತಂದೆ ಚರ್ಚಿನ ಪಾದ್ರಿ. 1932ರಲ್ಲಿ ವಿಲಿಯಮ್ಸ್ ಕಾಲೇಜಿನಿಂದ ಪದವಿ ಪಡೆದು, ಮುಂದೆ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನ ಓದಿದರು. ಹೆಸರಿನ ಹಿಂದೆ 'ಡಾಕ್ಟರ್' ಸೇರಲಿಲ್ಲ. ಆದರೆ ವಿದ್ಯುನ್ಮಂಡಲಗಳನ್ನು ಜೋಡಿಸುವುದರಲ್ಲಿ ಅವರ ಕೈ ಬಲು ಪಳಗಿತ್ತು.

ಎರಡನೆಯ ಮಹಾಯುದ್ಧದ ಕಾಲ. 1941ರಲ್ಲಿ ಅವರು ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ರೇಡಾರ್ ಕೆಲಸಕ್ಕೆ ಸೇರಿದರು. ರೇಡಾರ್ ರೇಡಿಯೋ ಅಲೆಗಳನ್ನು ಕಳಿಸಿ, ಅವು ವಸ್ತುವಿಗೆ ಬಡಿದು ಮರಳಿದಾಗ ಅದು ಎಲ್ಲಿದೆ ಎಂದು ತಿಳಿಸುತ್ತದೆ. ಮರಳಿ ಬಂದ ಸಂಕೇತವನ್ನು ಪರದೆಯ ಮೇಲೆ ಬೆಳಕಿನ ಚುಕ್ಕೆಯಾಗಿ ತೋರಿಸುವುದು ಹಿಗಿನ್‌ಬಾಥಮ್ ಅವರ ಕೆಲಸವಾಗಿತ್ತು. ಈ ಚುಕ್ಕೆಯನ್ನು ನೆನಪಿಡಿ, ಮುಂದೆ ಮತ್ತೆ ಬರುತ್ತದೆ.

1943ರ ಕೊನೆಗೆ ಅವರನ್ನು ಲಾಸ್ ಅಲಾಮೊಸ್ ಎಂಬಲ್ಲಿಗೆ ಕರೆಸಲಾಯಿತು. ಅಲ್ಲಿ ಗುಟ್ಟಾಗಿ ಪರಮಾಣು ಬಾಂಬಿನ ತಯಾರಿ ನಡೆದಿತ್ತು. ಬಾಂಬು ಸರಿಯಾದ ಕ್ಷಣದಲ್ಲೇ ಸಿಡಿಯಬೇಕಲ್ಲವೇ? ಅದಕ್ಕೆ ಬೇಕಾದ ಸಮಯ ನಿಯಂತ್ರಕ ಮಂಡಲಗಳನ್ನು ರೂಪಿಸಿದ್ದು ಹಿಗಿನ್‌ಬಾಥಮ್ ಮುಖ್ಯಸ್ಥರಾಗಿದ್ದ ಎಲೆಕ್ಟ್ರಾನಿಕ್ಸ್ ತಂಡ. 1945ರ ಜುಲೈ 16ರಂದು ಮರುಭೂಮಿಯಲ್ಲಿ ಮೊದಲ ಪರೀಕ್ಷೆ ನಡೆಯಿತು. ಆಗಸ್ಟ್ 6ರಂದು ಹಿರೋಷಿಮಾ, 9ರಂದು ನಾಗಸಾಕಿ. ಆ ವರ್ಷ ಮುಗಿಯುವುದರೊಳಗೆ ಲಕ್ಷಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ನಿಮ್ಮಂಥ ಶಾಲಾ ಮಕ್ಕಳೂ ಬಹಳ ಇದ್ದರು.

ತಾವು ಮಾಡಿದ ಕೆಲಸ ಎಂಥದ್ದೆಂದು ಹಿಗಿನ್‌ಬಾಥಮ್ ಅವರಿಗೆ ಅರಿವಾಗದೆ ಇರಲಿಲ್ಲ. ಪ್ರಯೋಗಾಲಯ ಬಿಟ್ಟು ವಾಷಿಂಗ್ಟನ್ ನಗರಕ್ಕೆ ಬಂದರು. ಅವರಂತೆಯೇ ಕಳವಳಗೊಂಡಿದ್ದ ಇತರ ವಿಜ್ಞಾನಿಗಳೊಡನೆ ಸೇರಿ ಅಮೆರಿಕನ್ ವಿಜ್ಞಾನಿಗಳ ಒಕ್ಕೂಟವನ್ನು ಕಟ್ಟಿ, ಅದರ ಮೊದಲ ಅಧ್ಯಕ್ಷರಾದರು. ಪರಮಾಣು ಶಕ್ತಿ ಸೈನ್ಯದ ಕೈಯಲ್ಲಿ ಇರಬಾರದು, ಜನರ ಸರ್ಕಾರದ ಹತೋಟಿಯಲ್ಲಿ ಇರಬೇಕು ಎಂಬುದು ಅವರ ಬೇಡಿಕೆ. ಜನಪ್ರತಿನಿಧಿಗಳನ್ನು ಒಬ್ಬೊಬ್ಬರಾಗಿ ಕಂಡು, ಪರಮಾಣು ಎಂದರೇನು ಎಂಬಲ್ಲಿಂದ ತಿಳಿಸಿ ಹೇಳಬೇಕಾಯಿತು. 1946ರಲ್ಲಿ ಅಂಥ ಕಾಯಿದೆ ಜಾರಿಗೂ ಬಂತು.

1947ರಲ್ಲಿ ಅವರು ಬ್ರೂಕ್‌ಹೆವನ್ ರಾಷ್ಟ್ರೀಯ ಪ್ರಯೋಗಾಲಯ ಸೇರಿದರು. ಇದು ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡ್‌ನಲ್ಲಿದೆ. ಅಲ್ಲಿ ಪ್ರತಿ ವರ್ಷ ಸಾರ್ವಜನಿಕರಿಗೆ ಪ್ರಯೋಗಾಲಯ ತೋರಿಸುವ ದಿನವಿತ್ತು. ಆದರೆ ಇಟ್ಟಿದ್ದೆಲ್ಲ ಫೋಟೋಗಳು, ಅಲುಗಾಡದ ಉಪಕರಣಗಳು. ಬಂದವರು ನೋಡಿ ಸುಮ್ಮನೆ ಮುಂದೆ ಹೋಗುತ್ತಿದ್ದರು. (ನಮ್ಮ ವಿಜ್ಞಾನ ವಸ್ತುಪ್ರದರ್ಶನಗಳಲ್ಲೂ 'ಮುಟ್ಟಬೇಡಿ' ಎಂಬ ಚೀಟಿ ಇರುವ ಮೇಜಿನ ಮುಂದೆ ಯಾರೂ ನಿಲ್ಲುವುದಿಲ್ಲ, ಗಮನಿಸಿದ್ದೀರಾ?) ಜನ ಕೈಯಾರೆ ಆಡಿಸಿ ನೋಡುವಂಥದ್ದು ಏನಾದರೂ ಇರಬೇಕೆಂದು ಹಿಗಿನ್‌ಬಾಥಮ್ ಯೋಚಿಸಿದರು.

ಪ್ರಯೋಗಾಲಯದಲ್ಲಿ ಒಂದು ಚಿಕ್ಕ ಅನಲಾಗ್ ಗಣಕಯಂತ್ರವಿತ್ತು. ಗುಂಡು, ಕ್ಷಿಪಣಿ, ಪುಟಿಯುವ ಚೆಂಡು ಇವುಗಳ ಹಾದಿಯನ್ನು ಅದರಲ್ಲಿ ಲೆಕ್ಕ ಹಾಕುವ ವಿಧಾನ ಅದರ ಕೈಪಿಡಿಯಲ್ಲಿತ್ತು. ಹಿಗಿನ್‌ಬಾಥಮ್ ಚೆಂಡನ್ನು ಆರಿಸಿಕೊಂಡರು. ಎರಡು ಗಂಟೆಗಳಲ್ಲಿ ನಕ್ಷೆ ಸಿದ್ಧವಾಯಿತು. ರಾಬರ್ಟ್ ಡ್ವೊರಾಕ್ ಎಂಬ ತಂತ್ರಜ್ಞರು ಅದನ್ನು ಜೋಡಿಸಿದರು. ತಪ್ಪುಗಳನ್ನು ಸರಿಪಡಿಸುವುದೂ ಸೇರಿ ಸುಮಾರು ಮೂರು ವಾರ ಹಿಡಿಯಿತು.

ಇದು ಕೆಲಸ ಮಾಡುತ್ತಿದ್ದ ರೀತಿ ಸ್ವಾರಸ್ಯವಾಗಿದೆ. ಅನಲಾಗ್ ಗಣಕಯಂತ್ರ ಅಂಕೆಗಳನ್ನು ಕೂಡಿಸುವುದಿಲ್ಲ. ಅದರಲ್ಲಿ ಎಲ್ಲವೂ ವೋಲ್ಟೇಜು. ನಲ್ಲಿಯ ಕೆಳಗೆ ಬಿಂದಿಗೆ ಇಟ್ಟರೆ ನೀರಿನ ಮಟ್ಟ ಏರುತ್ತ ಹೋಗುತ್ತದಲ್ಲವೇ? ಹಾಗೆಯೇ ವಿದ್ಯುತ್ತು ಹರಿದಂತೆ ಕೆಪಾಸಿಟರ್ ಎಂಬ ಭಾಗದಲ್ಲಿ ವೋಲ್ಟೇಜು ಏರುತ್ತದೆ. ಬೀಳುವ ಚೆಂಡಿನ ವೇಗವೂ ಗುರುತ್ವದಿಂದ ಒಂದೇ ಸಮನೆ ಹೆಚ್ಚುತ್ತದೆ. ಆದ್ದರಿಂದ ಗುರುತ್ವಕ್ಕೆ ಒಂದು ವೋಲ್ಟೇಜು ಕೊಟ್ಟರೆ ಮೊದಲ 'ಬಿಂದಿಗೆ'ಯ ಮಟ್ಟವೇ ಚೆಂಡಿನ ವೇಗ. ಅದನ್ನು ಇನ್ನೊಂದು 'ಬಿಂದಿಗೆ'ಗೆ ಹರಿಸಿದರೆ ಚೆಂಡು ಎಷ್ಟು ಎತ್ತರದಲ್ಲಿದೆ ಎಂಬುದು ಸಿಗುತ್ತದೆ! ಚೆಂಡು ನೆಲ ಮುಟ್ಟಿದಾಗ ಅದನ್ನು ಪುಟಿಸಲು ರಿಲೇ ಎಂಬ ವಿದ್ಯುತ್ ಸ್ವಿಚ್ಚುಗಳಿದ್ದವು.

ಫಲಿತಾಂಶ ಕಾಣಿಸುತ್ತಿದ್ದುದು ಆಸಿಲೋಸ್ಕೋಪಿನ 5 ಅಂಗುಲದ ದುಂಡು ಪರದೆಯ ಮೇಲೆ. ಆಸಿಲೋಸ್ಕೋಪ್ ಎಂದರೆ ವಿದ್ಯುತ್ತಿನ ಏರಿಳಿತವನ್ನು ಬೆಳಕಿನ ಗೆರೆಯಾಗಿ ತೋರಿಸುವ ಉಪಕರಣ. ನೆಲಕ್ಕೆ ಒಂದು ಅಡ್ಡಗೆರೆ, ನಡುವೆ ಬಲೆಗೆ ಒಂದು ಗಿಡ್ಡ ನಿಲುಗೆರೆ, ಚೆಂಡಿಗೆ ಒಂದು ಚುಕ್ಕೆ. ರೇಡಾರಿನ ಚುಕ್ಕೆ ಇಲ್ಲಿ ಚೆಂಡಾಗಿತ್ತು. ನಿಜಕ್ಕೂ ಈ ಮೂರೂ ಒಟ್ಟಿಗೆ ಮೂಡುತ್ತಿರಲಿಲ್ಲ. ಆಗಷ್ಟೇ ಬಳಕೆಗೆ ಬರುತ್ತಿದ್ದ ಟ್ರಾನ್ಸಿಸ್ಟರುಗಳು ಸೆಕೆಂಡಿಗೆ ಹತ್ತಾರು ಸಲ ಒಂದಾದ ಮೇಲೊಂದನ್ನು ಬದಲಾಯಿಸುತ್ತಿದ್ದವು. ಕತ್ತಲಲ್ಲಿ ಉರಿಯುವ ಊದುಬತ್ತಿಯನ್ನು ಜೋರಾಗಿ ತಿರುಗಿಸಿ ನೋಡಿ (ದೊಡ್ಡವರು ಜೊತೆಗಿರಲಿ). ಒಂದೇ ಕಿಡಿ ಪೂರ್ತಿ ಬಳೆಯಂತೆ ಕಾಣುತ್ತದೆ. ನಮ್ಮ ಕಣ್ಣಿನ ಈ ಗುಣವನ್ನೇ ಅವರು ಬಳಸಿಕೊಂಡರು.

ಆಡುವ ಇಬ್ಬರಿಗೂ ಒಂದೊಂದು ಪುಟ್ಟ ಪೆಟ್ಟಿಗೆ. ಗುಂಡಿ ತಿರುಗಿಸಿದರೆ ಹೊಡೆತದ ಕೋನ ಬದಲಾಗುತ್ತಿತ್ತು, ಬಟನ್ ಒತ್ತಿದರೆ ಚೆಂಡಿಗೆ ಹೊಡೆತ ಬೀಳುತ್ತಿತ್ತು. ಅಂಕಗಳ ಎಣಿಕೆ ಇರಲಿಲ್ಲ. 1958ರ ಅಕ್ಟೋಬರ್ 18ರಂದು ನೂರಾರು ಜನ ಈ ಆಟಕ್ಕಾಗಿ ಸಾಲುಗಟ್ಟಿ ನಿಂತರು. ಮರುವರ್ಷ ಇನ್ನೂ ದೊಡ್ಡ ಪರದೆ ಬಂತು. ಗುರುತ್ವದ ವೋಲ್ಟೇಜನ್ನು ಬದಲಿಸಿ ಚಂದ್ರನ ಮೇಲೆ, ಗುರುಗ್ರಹದ ಮೇಲೆ ಟೆನಿಸ್ ಆಡುವ ಸೌಲಭ್ಯವೂ ಬಂತು. ಚಂದ್ರನ ಗುರುತ್ವ ನಮ್ಮದರ ಆರನೇ ಒಂದು ಭಾಗ, ಗುರುಗ್ರಹದ್ದು ಸುಮಾರು ಎರಡೂವರೆ ಪಟ್ಟು. ಹಾಗಾದರೆ ಚೆಂಡು ಎಲ್ಲಿ ಹೆಚ್ಚು ಹೊತ್ತು ಗಾಳಿಯಲ್ಲಿ ತೇಲುತ್ತಿತ್ತು, ನೀವೇ ಹೇಳಿ.

ಆಮೇಲೆ ಅದರ ಭಾಗಗಳನ್ನು ಬಿಚ್ಚಿ ಬೇರೆ ಕೆಲಸಗಳಿಗೆ ಬಳಸಿದರು. ಸುಮಾರು 20 ಪೇಟೆಂಟ್‌ಗಳನ್ನು ಪಡೆದ ಹಿಗಿನ್‌ಬಾಥಮ್ ಇದಕ್ಕೆ ಮಾತ್ರ ಅರ್ಜಿ ಹಾಕಲಿಲ್ಲ. ಇದೇನು ಮಹಾ ಎಂಬುದು ಅವರ ಭಾವನೆ. ಹಾಕಿದ್ದರೂ ಹಕ್ಕು ಸೇರುತ್ತಿದ್ದುದು ಸರ್ಕಾರಕ್ಕೆ.

1972ರಲ್ಲಿ ಮ್ಯಾಗ್ನಾವಾಕ್ಸ್ ಕಂಪನಿ ಮನೆಯ ಟಿ.ವಿ.ಗೆ ಜೋಡಿಸುವ ಆಟದ ಪೆಟ್ಟಿಗೆಯನ್ನು ಮಾರಾಟಕ್ಕಿಟ್ಟಿತು. ಅದನ್ನು ರೂಪಿಸಿದವರು ರಾಲ್ಫ್ ಬೇರ್. ಅದೇ ವರ್ಷ ಅಟಾರಿ ಕಂಪನಿಯ 'ಪಾಂಗ್' ಬಂತು. ಆಟ ದೊಡ್ಡ ಉದ್ಯಮವಾಯಿತು, ಪೇಟೆಂಟ್ ಜಗಳಗಳು ನ್ಯಾಯಾಲಯ ಮುಟ್ಟಿದವು. ಬೇರ್ ಅವರ ಪೇಟೆಂಟನ್ನು ಮುರಿಯಬೇಕೆಂದವರು ಹಿಗಿನ್‌ಬಾಥಮ್ ಅವರನ್ನು ಹುಡುಕಿಕೊಂಡು ಬಂದರು. ಅವರು ಸಾಕ್ಷಿ ನುಡಿದರು. ಆದರೆ ಅವರ ಯಂತ್ರ ಟಿ.ವಿ.ಯ ವಿಡಿಯೋ ಸಂಕೇತವನ್ನು ಬಳಸಿರಲಿಲ್ಲವಾದ್ದರಿಂದ ನ್ಯಾಯಾಲಯ ಆ ವಾದವನ್ನು ಒಪ್ಪಲಿಲ್ಲ. ಹಾಗಾದರೆ ಮೊದಲಿಗರು ಯಾರು? 1952ರಲ್ಲೇ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಗಣಕಯಂತ್ರದ ಪರದೆಯ ಮೇಲೆ ಸೊನ್ನೆ ಮತ್ತು ಇಂಟು ಗುರುತಿನ ಆಟ ಆಡಿಸಿದ್ದರು. ಈ ಚರ್ಚೆ ಇಂದಿಗೂ ಮುಗಿದಿಲ್ಲ. ವಿಡಿಯೋ ಗೇಮ್ ಎಂದರೆ ಏನೆಂದು ಹೇಳುತ್ತೀರೋ ಅದರ ಮೇಲೆ ಉತ್ತರ ನಿಂತಿದೆ ಎಂದು ನನಗನ್ನಿಸುತ್ತದೆ.

ಹಿಗಿನ್‌ಬಾಥಮ್ ಮಾತ್ರ ಈ ಜಗಳದಲ್ಲಿ ತಲೆ ಹಾಕಲಿಲ್ಲ. ಯುರೇನಿಯಂ, ಪ್ಲುಟೋನಿಯಂಗಳ ಗ್ರಾಂ ಗ್ರಾಂ ಲೆಕ್ಕವಿಟ್ಟು, ಅವು ಕದ್ದುಮುಚ್ಚಿ ಬಾಂಬು ತಯಾರಿಗೆ ಹೋಗದಂತೆ ತಡೆಯುವ ವಿಧಾನಗಳಲ್ಲಿ ಅವರು ವರ್ಷಗಟ್ಟಲೆ ದುಡಿದರು. ಈ ಕೆಲಸಕ್ಕಾಗಿಯೇ ಜನ ತಮ್ಮನ್ನು ನೆನೆಯಲಿ ಎಂಬುದು ಅವರ ಆಸೆಯಾಗಿತ್ತು. 1994ರ ನವೆಂಬರ್ 10ರಂದು ತೀರಿಕೊಂಡರು.

1997ರಲ್ಲಿ ಬ್ರೂಕ್‌ಹೆವನ್ ಪ್ರಯೋಗಾಲಯಕ್ಕೆ 50 ತುಂಬಿತು. ಅದರ ನೆನಪಿಗೆ ಅಲ್ಲಿಯವರು ಹಳೆಯ ನಕ್ಷೆ ಹಿಡಿದು ಆ ಟೆನಿಸ್ ಆಟವನ್ನು ಮತ್ತೆ ಕಟ್ಟಲು ಕುಳಿತರು. ಹಳೆಯ ಕಾಲದ ಬಿಡಿಭಾಗಗಳು ಸುಲಭಕ್ಕೆ ಸಿಗಲಿಲ್ಲ. ಹಿಗಿನ್‌ಬಾಥಮ್ ಮತ್ತು ಡ್ವೊರಾಕ್ ಮೂರು ವಾರದಲ್ಲಿ ಮುಗಿಸಿದ್ದ ಕೆಲಸಕ್ಕೆ ಇವರಿಗೆ ಸುಮಾರು ಮೂರು ತಿಂಗಳು ಬೇಕಾಯಿತು.