ಹಣೆಪಟ್ಟಿಗೆ ಸಿಕ್ಕದ ಮೇರಿ ಲ್ಯಾಂಬ್

ಇಂಗ್ಲಿಷ್ ಸಾಹಿತ್ಯದ ಹೊಸ್ತಿಲಲ್ಲಿ ನಿಂತ ಎಷ್ಟೋ ವಿದ್ಯಾರ್ಥಿಗಳಿಗೆ ಷೇಕ್ಸ್‌ಪಿಯರನ ನಾಟಕಗಳನ್ನು ಕಥೆಗಳ ರೂಪದಲ್ಲಿ ಪರಿಚಯ ಮಾಡಿಕೊಟ್ಟ ಪುಸ್ತಕವೊಂದುಂಟು. ಲ್ಯಾಂಬನ ಕಥೆಗಳೆಂದೇ ಅದನ್ನು ಕರೆಯುವುದು ರೂಢಿ. 1807ರಲ್ಲಿ ಅದು ಲಂಡನ್ನಿನಲ್ಲಿ ಪ್ರಕಟವಾದಾಗ ಮುಖಪುಟದ ಮೇಲಿದ್ದುದು ಚಾರ್ಲ್ಸ್ ಲ್ಯಾಂಬನ ಹೆಸರೊಂದೇ. ಆದರೆ ಅದರಲ್ಲಿರುವ 20 ಕಥೆಗಳಲ್ಲಿ 14ನ್ನು ಬರೆದವಳು ಅವನ ಅಕ್ಕ ಮೇರಿ. ಹ್ಯಾಮ್ಲೆಟ್, ಲಿಯರ್, ಒಥೆಲೊ ಮೊದಲಾದ ಆರು ರುದ್ರನಾಟಕಗಳ ಕಥೆಗಳು ಮಾತ್ರ ತಮ್ಮನವು. ಹೀಗೆ ಸಲ್ಲಬೇಕಾಗಿದ್ದ ಹೆಸರು ಆಕೆಗೆ ಸಲ್ಲಬೇಕಾದೆಡೆಯಲ್ಲಿ ಸಲ್ಲಲಿಲ್ಲ. ಇನ್ನೊಂದು ಹೆಸರು ಮಾತ್ರ ಆಕೆಯ ಮೂವತ್ತೊಂದನೆಯ ವಯಸ್ಸಿನಲ್ಲಿ ಬಂದು ಅಂಟಿಕೊಂಡು, ಕೊನೆಯವರೆಗೂ ಬಿಡಲಿಲ್ಲ. ಅದು ಹುಚ್ಚಿ ಎಂಬ ಹೆಸರು.

ಮನಸ್ಸಿನ ಕಾಯಿಲೆಗಳಿಗೆ ಹೆಸರಿಡುವುದು ಸರಿಯೆ? ಹೆಸರಿಟ್ಟರೆ ರೋಗಿಗೆ ಹಿತವೋ ಅಹಿತವೋ? ಈ ವಾದ ವೈದ್ಯರಲ್ಲಿಯೂ ರೋಗವನ್ನು ಅನುಭವಿಸಿದವರಲ್ಲಿಯೂ ಇಂದಿಗೂ ಮುಗಿದಿಲ್ಲ. ಅದರ ಎರಡು ಪಕ್ಷಗಳ ಮಾತುಗಳನ್ನೂ ಕೇಳಿದಾಗಲೆಲ್ಲ ನನ್ನ ನೆನಪಿಗೆ ಬರುವವಳು ಮೇರಿ. ಆಕೆಯ ಬಾಳನ್ನು ಇಲ್ಲಿ ಸಂಗ್ರಹವಾಗಿ ಹೇಳಬೇಕೆಂದಿದ್ದೇನೆ.

ಮೇರಿ ಹುಟ್ಟಿದ್ದು 1764ರ ಡಿಸೆಂಬರ್ 3ರಂದು, ಲಂಡನ್ನಿನ ಇನ್ನರ್ ಟೆಂಪಲ್ ಎಂಬ ನ್ಯಾಯವಾದಿಗಳ ಆವರಣದಲ್ಲಿ. ತಂದೆ ಜಾನ್ ಲ್ಯಾಂಬ್ ಅಲ್ಲಿ ಸ್ಯಾಮ್ಯುಯಲ್ ಸಾಲ್ಟ್ ಎಂಬ ಹಿರಿಯ ವಕೀಲನಿಗೆ ಗುಮಾಸ್ತನೂ ಹೌದು, ಸೇವಕನೂ ಹೌದು. ಆ ಯಜಮಾನನ ಪುಸ್ತಕ ಭಂಡಾರ ಮಕ್ಕಳಿಗೆ ತೆರೆದಿತ್ತು. ಮೇರಿಗೆ ಹೆಚ್ಚಿನ ಶಾಲಾಶಿಕ್ಷಣ ದೊರೆಯದಿದ್ದರೂ ಓದಿನ ರುಚಿ ಹತ್ತಿದ್ದು ಅಲ್ಲಿಯೇ. 1775ರಲ್ಲಿ ತಮ್ಮ ಚಾರ್ಲ್ಸ್ ಹುಟ್ಟಿದಾಗ ಆಕೆಗೆ ಹತ್ತು ವರ್ಷ. ಎತ್ತಿ ಆಡಿಸಿ, ಅಕ್ಷರ ಕಲಿಸಿ, ತಾಯಿಗಿಂತ ಹೆಚ್ಚಾಗಿ ಅವನನ್ನು ಬೆಳೆಸಿದವಳು ಆಕೆ.

1792ರಲ್ಲಿ ಸಾಲ್ಟ್ ತೀರಿಕೊಂಡ. ಆಶ್ರಯದ ಜೊತೆಗೆ ಮನೆಯೂ ಹೋಯಿತು. ಕುಟುಂಬ ಹೋಬರ್ನ್ ಬಳಿಯ ಬಾಡಿಗೆ ಮನೆಯೊಂದಕ್ಕೆ ಬಂದಿತು. ತಂದೆಗೆ ಅರಳುಮರಳು ಹಿಡಿಯಿತು. ತಾಯಿ ಕೈಕಾಲು ಸ್ವಾಧೀನವಿಲ್ಲದೆ ಮಲಗಿದಳು. ವಯಸ್ಸಾದ ಸೋದರತ್ತೆಯೊಬ್ಬಳು ಮನೆಯಲ್ಲಿದ್ದಳು. ಹಿರಿಯ ಮಗ ಜಾನ್ ಅನುಕೂಲವಾದ ನೌಕರಿ ಹಿಡಿದು ಬೇರೆ ಇದ್ದ. ಚಾರ್ಲ್ಸ್ ಅದೇ ವರ್ಷ ಈಸ್ಟ್ ಇಂಡಿಯಾ ಕಂಪನಿಯ ಲೆಕ್ಕದ ಕಚೇರಿಗೆ ಸೇರಿದ. ಮೇರಿ ಹಗಲೆಲ್ಲ ಹಣಕ್ಕಾಗಿ ಹೆಂಗಸರ ಉಡುಪುಗಳನ್ನು ಹೊಲಿಯುವಳು. ರಾತ್ರಿ ತಾಯಿಯ ಮಗ್ಗುಲಲ್ಲಿ ಮಲಗಿ, ಹೊರಳಿಸಿ, ಉಪಚರಿಸಿ, ನಿದ್ದೆಗೆಡುವಳು. ಹೀಗೆ ವರ್ಷಗಳು ಉರುಳಿದವು.

ಆ ಮನೆಯಲ್ಲಿ ಮೊದಲು ಬುದ್ಧಿ ಕದಡಿದ್ದು ಮೇರಿಗಲ್ಲ, ಚಾರ್ಲ್ಸನಿಗೆ. 1795ರ ಕೊನೆ, 1796ರ ಆರಂಭದ ಸುಮಾರು ಆರು ವಾರ ಅವನು ಹಾಕ್ಸ್‌ಟನ್ನಿನ ಹುಚ್ಚರ ಮನೆಯಲ್ಲಿದ್ದ. ಗುಣವಾಗಿ ಕಚೇರಿಗೆ ಹಿಂತಿರುಗಿದ; ಆ ರೋಗ ಅವನಿಗೆ ಮತ್ತೆ ಮರುಕಳಿಸಲಿಲ್ಲ. ಜಗತ್ತು ಅದನ್ನು ಮರೆಯಿತು. ಇಂದು ಚಾರ್ಲ್ಸ್ ಲ್ಯಾಂಬನೆಂದರೆ ಪ್ರಬಂಧಕಾರನೆಂದು ನೆನೆಯುತ್ತೇವೆಯೇ ಹೊರತು ಹುಚ್ಚನಾಗಿದ್ದವನೆಂದು ಯಾರೂ ನೆನೆಯುವುದಿಲ್ಲ. ಈ ಮರೆವಿನ ಭಾಗ್ಯ ಅಕ್ಕನಿಗೆ ಇರಲಿಲ್ಲ.

1796ರ ಸೆಪ್ಟೆಂಬರ್ 22. ಮನೆಯಲ್ಲಿ ಊಟದ ಸಿದ್ಧತೆ ನಡೆದಿತ್ತು. ಹೊಲಿಗೆ ಕಲಿಯಲು ಇದ್ದ ಹುಡುಗಿಯ ಮೇಲೆ ಮೇರಿ ಒಮ್ಮೆಲೇ ಕೆರಳಿ, ಮೇಜಿನ ಮೇಲಿದ್ದ ಚೂರಿಯನ್ನೆತ್ತಿ ಅಟ್ಟಿಸಿಕೊಂಡು ಹೋದಳು. ತಡೆಯಲು ಕೂಗಿದ ತಾಯಿಯತ್ತ ತಿರುಗಿದಳು. ಚಾರ್ಲ್ಸ್ ಓಡಿಬಂದು ಚೂರಿಯನ್ನು ಕಿತ್ತುಕೊಳ್ಳುವ ವೇಳೆಗೆ ತಾಯಿಯ ಪ್ರಾಣ ಹೋಗಿತ್ತು. ತಂದೆಯ ಹಣೆಗೆ ಗಾಯವಾಗಿತ್ತು. ಚಾರ್ಲ್ಸನಿಗೆ ಆಗ 21 ವರ್ಷ.

ಸಾವಿನ ವಿಚಾರಣೆಗೆ ಕುಳಿತ ಪಂಚಾಯಿತರು ಒಂದು ಮಾತಿನ ತೀರ್ಪು ಕೊಟ್ಟರು: ಇದು ಬುದ್ಧಿಭ್ರಮಣೆಯಿಂದ ಆದ ಕೃತ್ಯ. ಆಗ ಇಂಗ್ಲಿಷಿನಲ್ಲಿ ಬಳಸುತ್ತಿದ್ದ ಶಬ್ದಕ್ಕೆ ಮೂಲ ಚಂದ್ರನೆಂಬ ಅರ್ಥದ ಲ್ಯಾಟಿನ್ ಪದ. ಚಂದ್ರನ ಕಲೆಗಳೊಡನೆ ಬುದ್ಧಿಯೂ ಏರಿಳಿಯುವುದೆಂಬ ಹಳೆಯ ನಂಬಿಕೆಯಿಂದ ಬಂದದ್ದು. ವಿಜ್ಞಾನದ ದೃಷ್ಟಿಯಿಂದ ಆ ಶಬ್ದಕ್ಕೆ ಬೆಲೆಯಿಲ್ಲ. ಆದರೆ ಆ ದಿನ ಆ ಶಬ್ದವಿಲ್ಲದೆ ಹೋಗಿದ್ದರೆ ಮೇರಿ ಕೊಲೆಗಾರ್ತಿಯೆಂದು ಗಲ್ಲಿನ ಮುಂದೆ ನಿಲ್ಲಬೇಕಾಗುತ್ತಿತ್ತು. ರೋಗಕ್ಕೆ ಹೆಸರೇ ಕೂಡದೆನ್ನುವವರು ಇದನ್ನು ಮರೆಯಬಾರದು.

ಇನ್ನೊಂದು ಪಕ್ಷದವರು ನೆನೆಯಬೇಕಾದದ್ದೂ ಇದೆ. 1800ರಲ್ಲಿ ಜೇಮ್ಸ್ ಹ್ಯಾಡ್‌ಫೀಲ್ಡ್ ಎಂಬಾತ ನಾಟಕಶಾಲೆಯಲ್ಲಿ ಮೂರನೆಯ ಜಾರ್ಜ್ ದೊರೆಯ ಮೇಲೆ ಗುಂಡು ಹಾರಿಸಿ, ಚಿತ್ತವಿಕಾರದ ಕಾರಣದಿಂದ ನಿರ್ದೋಷಿಯೆನಿಸಿಕೊಂಡ. ಕೂಡಲೇ ಪಾರ್ಲಿಮೆಂಟು ಹೊಸ ಕಾಯಿದೆ ಮಾಡಿತು. ಹಾಗೆ ಬಿಡುಗಡೆ ಹೊಂದಿದವರನ್ನು ದೊರೆಯ ಇಚ್ಛೆಯಿರುವವರೆಗೂ ಬಂಧನದಲ್ಲಿಡಬೇಕೆಂದು ವಿಧಿಸಿತು. ನಾಲ್ಕು ವರ್ಷದ ಹಿಂದೆ ಮೇರಿಗೆ ಗುರಾಣಿಯಾದ ಮಾತು ಈಗ ಸಂಕೋಲೆಯಾಯಿತು. ಮಾತು ಬದಲಾಗಲಿಲ್ಲ; ಅದನ್ನು ಹಿಡಿದ ಕೈ ಬದಲಾಯಿತು.

ಮೇರಿಯನ್ನು ಇಸ್ಲಿಂಗ್ಟನ್ನಿನ ಖಾಸಗಿ ಹುಚ್ಚರ ಮನೆಯಲ್ಲಿರಿಸಿದರು. ಕೆಲವೇ ದಿನಗಳಲ್ಲಿ ಆಕೆಗೆ ಬುದ್ಧಿ ತಿಳಿಯಾಯಿತು. ಆದದ್ದೇನೆಂಬುದು ಅರಿವಿಗೂ ಬಂದಿತು. ಆಕೆ ಹೊರಗೆ ಬರುವುದು ಅಣ್ಣ ಜಾನ್‌ಗೆ ಸಮ್ಮತವಿರಲಿಲ್ಲ. ಚಾರ್ಲ್ಸ್ ಒಪ್ಪಲಿಲ್ಲ. ಮನೆಯ ವರ್ಷದ ವರಮಾನವನ್ನೆಲ್ಲ ಕೂಡಿದರೆ 170–180 ಪೌಂಡು. ಅದರಲ್ಲಿ 50–60 ಪೌಂಡನ್ನು ಅಕ್ಕನಿಗೆಂದು ಎತ್ತಿಡಲು ಅವನು ಲೆಕ್ಕ ಹಾಕಿದ. ಆಯುಷ್ಯವಿರುವವರೆಗೂ ಆಕೆಯ ಹೊಣೆ ತನ್ನದೆಂದು ಮಾತುಕೊಟ್ಟು, ಮರುವರ್ಷ ಆಕೆಯನ್ನು ಬಿಡಿಸಿ ಹ್ಯಾಕ್ನಿಯಲ್ಲಿ ಬೇರೆ ಬಿಡಾರ ಮಾಡಿಸಿದ. 1799ರಲ್ಲಿ ತಂದೆ ತೀರಿಕೊಂಡ ಮೇಲೆ ಅಕ್ಕ ತಮ್ಮನ ಮನೆಗೇ ಬಂದಳು. ಶ್ರೀರಂಗಪಟ್ಟಣ ಕಂಪನಿಯ ಸೈನ್ಯಕ್ಕೆ ಸೋತ ವರ್ಷ ಅದು. ಅದೇ ಕಂಪನಿಯ ಲಂಡನ್ ಕಚೇರಿಯಲ್ಲಿ ಕುಳಿತು ಲೆಕ್ಕ ಬರೆಯುತ್ತಿದ್ದ ಬಡ ಗುಮಾಸ್ತನ ಮನಸ್ಸು ಮಾತ್ರ ಅಕ್ಕನ ಮುಖದ ಮೇಲೆಯೇ ನೆಟ್ಟಿದ್ದಿರಬೇಕೆಂದು ನನ್ನ ಊಹೆ.

ಕಾಯಿಲೆ ಒಂದೇ ಸಲಕ್ಕೆ ಮುಗಿಯುವಂಥದಾಗಿರಲಿಲ್ಲ. ಬಹುಮಟ್ಟಿಗೆ ಪ್ರತಿವರ್ಷವೂ ಅದು ಮರಳಿ ಬರುತ್ತಿತ್ತು. ಕೆಲವು ವಾರಗಳಿದ್ದು ಹೋಗುತ್ತಿತ್ತು. ಸುದ್ದಿ ತಿಳಿದ ನೆರೆಹೊರೆಯವರು ಬೆರಳು ಮಾಡಿ ತೋರಿಸುವರು. ತಾವು ಗುರುತು ಹಾಕಲ್ಪಟ್ಟವರೆಂಬ ನೋವನ್ನು ಚಾರ್ಲ್ಸ್ 1800ರಲ್ಲಿ ಗೆಳೆಯ ಕೋಲ್‌ರಿಜ್‌ಗೆ ಬರೆದು ತೋಡಿಕೊಂಡಿದ್ದಾನೆ. ಬಿಡಾರ ಬಿಟ್ಟು ಬಿಡಾರಕ್ಕೆ ಹೋಗುವುದು ಅವರ ಪಾಡಾಯಿತು. ಹಣೆಪಟ್ಟಿ ತಮ್ಮನನ್ನೂ ಬಿಡಲಿಲ್ಲ. 1819ರಲ್ಲಿ ಅವನು ಫ್ಯಾನಿ ಕೆಲ್ಲಿ ಎಂಬ ನಟಿಯನ್ನು ಮದುವೆಯಾಗಲು ಕೇಳಿದಾಗ ಆಕೆ ನಿರಾಕರಿಸಿದಳು. ಆ ಮನೆಯ ಮೇಲೆ ಕವಿದಿದ್ದ ಚಿತ್ತರೋಗದ ಭಯ ಅದಕ್ಕೆ ಒಂದು ಕಾರಣ.

ಇಂಥ ಬಾಳನ್ನು ಅವರು ಬಾಳಿದ ರೀತಿಯನ್ನು ನೋಡಬೇಕು. ರೋಗವಿಲ್ಲವೆಂದು ನಟಿಸಲಿಲ್ಲ, ರೋಗವೇ ಎಲ್ಲವೆಂದೂ ಒಪ್ಪಲಿಲ್ಲ. ಪೂರ್ವಸೂಚನೆಗಳನ್ನು ಮೇರಿ ತಾನೇ ಗುರುತಿಸಬಲ್ಲವಳಾದಳು. ಸೂಚನೆ ಕಂಡೊಡನೆ ಅಕ್ಕತಮ್ಮಂದಿರು ಹೊರಡುವರು. ಒಮ್ಮೆ ಹೊಲದ ದಾರಿಯಲ್ಲಿ ಇಬ್ಬರೂ ಕಣ್ಣೀರಿಡುತ್ತ ಹುಚ್ಚರ ಮನೆಯತ್ತ ನಡೆದುಹೋಗುತ್ತಿದ್ದುದನ್ನು ಅವರ ಮಿತ್ರ ಚಾರ್ಲ್ಸ್ ಲಾಯ್ಡ್ ಕಂಡನೆಂದು ಚರಿತ್ರಕಾರರು ಹೇಳುತ್ತಾರೆ. ಕೈಗಳನ್ನು ಬಿಗಿಯುವ ಅಂಗಿಯನ್ನು ಜೊತೆಯಲ್ಲಿಯೇ ಒಯ್ಯುತ್ತಿದ್ದರಂತೆ. ಈ ಚಿತ್ರ ದಾರುಣವಾದದ್ದು. ಆದರೂ ಅದರಲ್ಲಿ ಒಂದು ಗೌರವವಿದೆಯೆಂದು ನನಗೆ ತೋರುತ್ತದೆ. ಆಕೆಯನ್ನು ಯಾರೂ ಎಳೆದೊಯ್ಯುತ್ತಿಲ್ಲ. ತನ್ನ ಕಾಲಿನಿಂದ, ತನ್ನ ನಿಶ್ಚಯದಿಂದ ಆಕೆ ನಡೆಯುತ್ತಿದ್ದಾಳೆ.

ಗುಣವಾದ ಮೇಲೆ ಆಕೆ ಬಂದು ತನ್ನ ಸ್ಥಾನದಲ್ಲಿ ಕೂರುವಳು. ಆ ಮನೆಯ ಸಂಜೆಯ ಕೂಟಗಳಿಗೆ ಕೋಲ್‌ರಿಜ್, ವರ್ಡ್ಸ್‌ವರ್ತ್, ಹ್ಯಾಜ್ಲಿಟ್, ಗಾಡ್ವಿನ್ ಎಲ್ಲರೂ ಬರುತ್ತಿದ್ದರು. ಹೆಂಗಸರ ವಿವೇಚನೆಯ ವಿಷಯದಲ್ಲಿ ಉದಾರಿಯಲ್ಲದ ಹ್ಯಾಜ್ಲಿಟ್ ಕೂಡ ತಾನು ಕಂಡ ನಿಜವಾದ ವಿವೇಕವತಿ ಮೇರಿಯೊಬ್ಬಳೇ ಎಂದು ಭಾವಿಸಿದ್ದ. ಲೋಕ ಬುದ್ಧಿಗೆಟ್ಟವಳೆಂದವಳನ್ನು ಆ ಕಾಲದ ತೀಕ್ಷ್ಣಮತಿಯೊಬ್ಬ ವಿವೇಕಕ್ಕೆ ಮಾದರಿಯೆಂದು ಎಣಿಸಿದ. ಎರಡೂ ಒಬ್ಬಳೇ ವ್ಯಕ್ತಿಯನ್ನು ಕುರಿತ ಮಾತು. ಷೇಕ್ಸ್‌ಪಿಯರನ ಕಥೆಗಳಾದ ಮೇಲೆ 1809ರ ‘ಮಿಸೆಸ್ ಲೀಸೆಸ್ಟರಳ ಶಾಲೆ’ ಎಂಬ ಮಕ್ಕಳ ಕಥಾಸಂಗ್ರಹದಲ್ಲಿ ಹತ್ತರಲ್ಲಿ ಏಳು ಕಥೆಗಳನ್ನು ಆಕೆ ಬರೆದಳು. ಮುಂದೆ ಅನಾಥಳಾದ ಎಮ್ಮಾ ಇಸೋಲ ಎಂಬ ಹುಡುಗಿಯನ್ನು ಅಕ್ಕತಮ್ಮಂದಿರು ಮಗಳಂತೆ ಸಾಕಿದರು.

ಮೇರಿ ಬರೆದುದರಲ್ಲಿ ನನಗೆ ಬಹು ಮುಖ್ಯವೆನಿಸುವುದು ಅಚ್ಚಿಗೆಂದು ಬರೆಯದ ಒಂದು ಕಾಗದ. 1805ರಲ್ಲಿ ಗೆಳತಿ ಸಾರಾ ಸ್ಟಾಡಾರ್ಟಳ ತಾಯಿಗೆ ಚಿತ್ತ ಕೆಟ್ಟಾಗ ಮೇರಿ ಆಕೆಗೆ ಧೈರ್ಯ ಹೇಳಿದಳು. ಅದು ವೈದ್ಯನ ಮಾತಲ್ಲ, ಅನುಭವಿಸಿದವಳ ಮಾತು. ರೋಗಿಯ ಭ್ರಮೆಗಳನ್ನು ನೆನೆನೆನೆದು ಕೊರಗಬೇಡ, ಸ್ವಸ್ಥಚಿತ್ತರು ನಿಜವಾದ ಕಷ್ಟದಲ್ಲಿ ಪಡುವ ನೋವನ್ನು ಅವರು ಭ್ರಮೆಯಲ್ಲಿ ಅಷ್ಟಾಗಿ ಪಡುವುದಿಲ್ಲ. ಅವರನ್ನು ಮೃದುವಾಗಿ ನಡೆಸಿಕೊಳ್ಳುತ್ತಾರೆಯೇ ಎಂಬುದೊಂದನ್ನು ಮಾತ್ರ ನೋಡಿಕೋ, ಆ ಸ್ಥಿತಿಯಲ್ಲಿರುವವರಿಗೆ ಮೃದುತ್ವ ಬಹಳ ಬೇಗ ತಟ್ಟುತ್ತದೆ, ಸಂಬಳದ ದಾದಿಯರಿಗೆ ಇದು ತಿಳಿಯದು ಎಂಬುದು ಅದರ ಸಾರಾಂಶ. ಹೊರಗಿನಿಂದ ನೋಡಿ ಹೆಸರಿಡುವವರ ಗ್ರಂಥಗಳು ಬೆಟ್ಟದಷ್ಟಿವೆ. ಒಳಗಿದ್ದು ಬಂದವರ ಇಂಥ ಸಾಕ್ಷ್ಯ ಅಪರೂಪ.

1815ರಲ್ಲಿ ಕಲ್ಪಿತನಾಮದಿಂದ ಆಕೆ ಮಹಿಳಾ ಪತ್ರಿಕೆಯೊಂದಕ್ಕೆ ಸೂಜಿಕೆಲಸದ ಮೇಲೆ ಲೇಖನ ಬರೆದಳು. ಹೊಟ್ಟೆಪಾಡಿಗಾಗಿ ಹನ್ನೊಂದು ವರ್ಷ ಹೊಲಿದವಳು ಆಕೆ. ಉಳ್ಳವರ ಮನೆಯ ಹೆಂಗಸರು ಕಾಲಕ್ಷೇಪಕ್ಕೆ ಹೊಲಿಯುತ್ತ ಬಡ ಹೆಂಗಸರ ಕೂಲಿಯನ್ನು ಕಸಿಯುತ್ತಾರೆ, ತಮಗೆ ದಕ್ಕಬೇಕಾದ ಬಿಡುವನ್ನೂ ಕಳೆದುಕೊಳ್ಳುತ್ತಾರೆ ಎಂಬುದು ಅಲ್ಲಿನ ವಾದ. ಇದನ್ನು ಓದಿದಾಗ 1796ರ ಆ ಬಾಡಿಗೆ ಮನೆ ಕಣ್ಣಿಗೆ ಕಟ್ಟುತ್ತದೆ. ರೋಗ ಆಕೆಯ ಮಿದುಳಿನಲ್ಲಿತ್ತೆ? ನಿದ್ದೆಯಿಲ್ಲದ ರಾತ್ರಿಗಳಲ್ಲಿ, ಮುಗಿಯದ ಹೊಲಿಗೆಯಲ್ಲಿ ಇತ್ತೆ? ಎರಡರಲ್ಲಿಯೂ ಇತ್ತೆಂದು ನಾನು ಬಗೆಯುತ್ತೇನೆ.

ಚಾರ್ಲ್ಸ್ 33 ವರ್ಷ ದುಡಿದು 1825ರಲ್ಲಿ ನಿವೃತ್ತನಾದ. ಎಲಿಯ ಎಂಬ ಹೆಸರಿನಿಂದ ಅವನು ಬರೆದ ಪ್ರಬಂಧಗಳಲ್ಲಿ ಬರುವ ದಾಯಾದಿ ಸೋದರಿ ಬ್ರಿಜೆಟ್ ಮೇರಿಯೇ. 1833ರಲ್ಲಿ ಎಡ್ಮಂಟನ್ನಿನಲ್ಲಿ ಚಿತ್ತರೋಗಿಗಳನ್ನು ನೋಡಿಕೊಳ್ಳುವ ದಂಪತಿಗಳ ಮನೆಯಲ್ಲಿ ಆಕೆಯನ್ನಿರಿಸಬೇಕಾಗಿ ಬಂದಾಗ, ಅವನೂ ಅಲ್ಲಿಗೇ ಹೋಗಿ ನೆಲೆಸಿದ. 1834ರ ಡಿಸೆಂಬರ್ 27ರಂದು ಅವನು ತೀರಿಕೊಂಡ. ಮೇರಿ ಇನ್ನೂ ಹನ್ನೆರಡು ವರ್ಷಕ್ಕೂ ಮಿಕ್ಕು ಬದುಕಿದ್ದು, 1847ರ ಮೇ 20ರಂದು ತನ್ನ 82ನೆಯ ವಯಸ್ಸಿನಲ್ಲಿ ಕಣ್ಣುಮುಚ್ಚಿದಳು. ತಮ್ಮನ ಸಮಾಧಿಯಲ್ಲಿಯೇ ಆಕೆಗೂ ಎಡೆಯಾಯಿತು. ಅಲ್ಲಿಯವರೆಗೆ ತಾಯಿಯ ಸಾವಿನ ವೃತ್ತಾಂತವನ್ನು ಮಿತ್ರರು ಪುಸ್ತಕಕ್ಕೇರಿಸಿರಲಿಲ್ಲ. 1848ರಲ್ಲಿ ಟಾಲ್ಫರ್ಡ್ ಅದನ್ನು ಪ್ರಕಟಿಸಿದ. ಅಂದಿನಿಂದ ಎಷ್ಟೋ ಓದುಗರಿಗೆ ಮೇರಿಯೆಂದರೆ ಆ ಒಂದು ಮಧ್ಯಾಹ್ನವಷ್ಟೇ ಆಯಿತು.

ಆಮೇಲೆ ವೈದ್ಯಶಾಸ್ತ್ರ ಹೊಸ ಹೆಸರುಗಳನ್ನು ತಂದಿತು. 1899ರಲ್ಲಿ ಜರ್ಮನಿಯ ಕ್ರೇಪೆಲಿನ್ ಉನ್ಮಾದ ಮತ್ತು ಖಿನ್ನತೆಗಳು ಸರದಿಯಲ್ಲಿ ಬರುವ ರೋಗವನ್ನು ಬೇರೆಯಾಗಿ ವಿಂಗಡಿಸಿದ. 1980ರ ಅಮೆರಿಕದ ಕೈಪಿಡಿ ಅದನ್ನು ಬೈಪೋಲಾರ್ ಎಂದು ಕರೆಯಿತು. ಈಚಿನ ಲೇಖಕರು ಅನೇಕರು ಮೇರಿಗಿದ್ದುದು ಇದೇ ಎನ್ನುತ್ತಾರೆ, ಇರಬಹುದು. ಇಂಥ ವಿಂಗಡಣೆಯಿಂದ ಲಾಭವಿದೆ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಲಿಥಿಯಂ ಲವಣ ಉನ್ಮಾದವನ್ನು ಶಮನಗೊಳಿಸುವುದೆಂದು ತೋರಿಸಿದ. ಯಾವ ಔಷಧ ಯಾವ ರೋಗಕ್ಕೆಂದು ತಿಳಿಯಲು ರೋಗಗಳನ್ನು ಬೇರ್ಪಡಿಸಿ ಕರೆಯಲೇಬೇಕು. 1961ರಲ್ಲಿ ಥಾಮಸ್ ಸಾಸ್ ಮಾನಸಿಕ ರೋಗವೆಂಬುದೇ ಮಿಥ್ಯೆಯೆಂದು ವಾದಿಸಿದ. ಹೆಸರಿನಿಂದ ಆಗುವ ಅನ್ಯಾಯವನ್ನು ಅವನು ಕಂಡದ್ದು ನಿಜ. ಆದರೆ ಹೊಲದ ದಾರಿಯ ಆ ಕಣ್ಣೀರು ಮಿಥ್ಯೆಯಾಗಿರಲಿಲ್ಲ.

ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯಿದೆ, ಹಿಂದೆ ಚಿಕಿತ್ಸೆ ಪಡೆದದ್ದೊಂದನ್ನೇ ಹಿಡಿದು ಒಬ್ಬರನ್ನು ಇಂದೂ ರೋಗಿಯೆಂದು ನಿರ್ಣಯಿಸಕೂಡದು ಎನ್ನುತ್ತದೆ. ಮುಂದೆ ಕಾಯಿಲೆ ಬಂದರೆ ತನ್ನನ್ನು ಹೇಗೆ ನೋಡಿಕೊಳ್ಳಬೇಕೆಂದು ಮುಂಚಿತವಾಗಿ ಬರೆದಿಡುವ ಹಕ್ಕನ್ನೂ, ತನ್ನ ಪರವಾಗಿ ಒಬ್ಬರನ್ನು ನೇಮಿಸುವ ಹಕ್ಕನ್ನೂ ಕೊಡುತ್ತದೆ. ಮೇರಿಯೂ ಚಾರ್ಲ್ಸನೂ ಯಾವ ಕಾಯಿದೆಯ ನೆರವೂ ಇಲ್ಲದೆ, ಪರಸ್ಪರ ನಂಬಿಕೆಯ ಬಲದಿಂದ, ಇದನ್ನೇ ನಡೆಸಿದರು. ವರ್ಷದ ಕೆಲವು ವಾರ ಆಕೆ ರೋಗಿ. ಆ ವಾರಗಳಿಗೆ ಹೆಸರು ಬೇಕಿತ್ತು, ಆರೈಕೆಯೂ ಬೇಕಿತ್ತು. ಉಳಿದ ದಿನಗಳಲ್ಲಿ ಆಕೆ ಅಕ್ಕ, ಗೆಳತಿ, ಲೇಖಕಿ. ಮುಂದಿನ ಸಲ ಆ ಕಥೆಗಳ ಪುಸ್ತಕವನ್ನು ತರಗತಿಯಲ್ಲಿ ತೆರೆಯುವ ಅಧ್ಯಾಪಕರು ಮಕ್ಕಳಿಗೆ ಮೊದಲು ಹದಿನಾಲ್ಕು ಕಥೆಗಳ ಮೇರಿಯನ್ನು ಪರಿಚಯಿಸಲಿ. ಆಕೆಯ ಕಾಯಿಲೆಯ ವಿಷಯ ಆಮೇಲೆ, ಅದರ ಅಳತೆಯಲ್ಲಿ ಬರಲಿ.