ವಯಸ್ಸಾದವರು ಓಡಾಡಬಾರದೇ? ಸರ್ ಎಂ.ವಿ. ಬದುಕಿನಿಂದ ನಾವು ತಿಳಿಯುವುದೇನು?

ವಯಸ್ಸಾದ ಮೇಲೆ ಓಡಾಡಿದರೆ ಮೂಳೆ ಸವೆಯುತ್ತದೆ, ಸುಮ್ಮನೆ ಕೂತಿರುವುದೇ ಒಳ್ಳೆಯದು ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಇದು ನಿಜವೇ? ನಮಗೆಲ್ಲ ಗೊತ್ತಿರುವ ಒಬ್ಬರ ಬದುಕನ್ನು ನೋಡೋಣ.

ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಎಂ. ವಿಶ್ವೇಶ್ವರಯ್ಯ ಪುಣೆಯಲ್ಲಿ ಎಂಜಿನಿಯರಿಂಗ್ ಓದಿ ಮುಂಬೈ ಸರ್ಕಾರದ ಕೆಲಸಕ್ಕೆ ಸೇರಿದರು. 1908ರಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ಮುಳುಗಿತು. ಆಗ ನಿಜಾಮರ ಸರ್ಕಾರ ಕರೆಸಿಕೊಂಡಿದ್ದು ಇವರನ್ನೇ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಆಗ ಅದೇ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ನಂತರ 1912ರಿಂದ 1918ರವರೆಗೆ ಅವರು ಮೈಸೂರಿನ ದಿವಾನರಾಗಿದ್ದರು.

ದಿವಾನಗಿರಿ ಬಿಟ್ಟ ಮೇಲೂ ಅವರು ಕೂತು ದಿನ ಕಳೆಯಲಿಲ್ಲ. ಹಿತಮಿತ ಊಟ, ದಿನವೂ ನಡಿಗೆ, ಹೊತ್ತಿಗೆ ಸರಿಯಾದ ಕೆಲಸ. ತೊಂಬತ್ತರ ಆಸುಪಾಸಿನಲ್ಲೂ ಬಿಹಾರದ ಮೊಕಾಮಾ ಬಳಿ ಗಂಗಾ ಸೇತುವೆಗೆ ಜಾಗ ನೋಡುವ ಕೆಲಸ ಮಾಡಿದರು. 1955ರಲ್ಲಿ ಭಾರತ ರತ್ನ ಬಂತು. 1962ರಲ್ಲಿ ತೀರಿಕೊಂಡಾಗ ಅವರಿಗೆ ನೂರು ವರ್ಷ ತುಂಬಿತ್ತು.

ನಡೆದದ್ದರಿಂದಲೇ ನೂರು ವರ್ಷ ಬದುಕಿದರು ಎಂದು ನಾವು ಹೇಳುವುದಿಲ್ಲ. ಒಬ್ಬರ ಬದುಕು ವೈಜ್ಞಾನಿಕ ಪುರಾವೆಯಲ್ಲ. ಪುರಾವೆ ಬೇರೆ ಕಡೆ ಇದೆ. ಅಮೆರಿಕದ ಬಾಸ್ಟನ್‌ನ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ 100 ನಿವಾಸಿಗಳ ಮೇಲೆ ನಡೆದ ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಅವರ ಸರಾಸರಿ ವಯಸ್ಸು 87. ಕಾಲಿನ ಸ್ನಾಯುಗಳಿಗೆ 10 ವಾರ ವ್ಯಾಯಾಮ ಮಾಡಿದವರ ಬಲ ಸರಾಸರಿ ದುಪ್ಪಟ್ಟಿಗಿಂತ ಹೆಚ್ಚಾಯಿತು, ನಡಿಗೆಯೂ ಚುರುಕಾಯಿತು.

ಇದಕ್ಕೆ ಕಾರಣ ಸರಳ. ಬಳಸದ ಸ್ನಾಯು ಕರಗುತ್ತದೆ. ಕಾಲಿನ ಬಲ ಕುಂದಿದರೆ ಬೀಳುವ ಭಯ, ಭಯದಿಂದ ಮತ್ತೆ ಕೂರುವುದು, ಕೂತರೆ ಬಲ ಇನ್ನಷ್ಟು ಕಡಿಮೆ. ಕೊನೆಗೆ ಬಚ್ಚಲಿಗೆ ಹೋಗಲೂ ಇನ್ನೊಬ್ಬರ ಕೈ ಬೇಕಾಗುತ್ತದೆ.

ನಮ್ಮ ಭಾಗದಲ್ಲಿ ಮಕ್ಕಳು ಹೈದರಾಬಾದ್, ಪುಣೆ, ಬೆಂಗಳೂರಿಗೆ ದುಡಿಯಲು ಹೋದರೆ ಹಿರಿಯರು ಮನೆಯಲ್ಲೋ ವೃದ್ಧಾಶ್ರಮದಲ್ಲೋ ಉಳಿಯುತ್ತಾರೆ. ಅವರಿಗೆ ಜಿಮ್ ಬೇಕಿಲ್ಲ. ಗಟ್ಟಿ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಬಿಸಿಲೇರುವ ಮುಂಚೆ ಅಂಗಳದಲ್ಲಿ ನಾಲ್ಕು ಸುತ್ತು ನಡೆಯುವುದು ಸಾಕು. ಆಶ್ರಮದಲ್ಲಿ ಎಲ್ಲರೂ ಒಟ್ಟಿಗೆ ಮಾಡಿದರೆ ಬೇಸರವೂ ಇಲ್ಲ. ಎದೆನೋವು, ತಲೆಸುತ್ತು ಇದ್ದವರು, ಈಚೆಗೆ ಬಿದ್ದವರು ಮೊದಲು ಡಾಕ್ಟರನ್ನು ಕೇಳಬೇಕು.

ಮುಂದಿನ ಸಲ ಅಮ್ಮನಿಗೋ ಅಜ್ಜನಿಗೋ ಫೋನ್ ಮಾಡಿದಾಗ, ಊಟ ಆಯ್ತಾ ಎಂದು ಕೇಳಿದ ಮೇಲೆ, ಇವತ್ತು ಎಷ್ಟು ನಡೆದಿರಿ ಎಂದೂ ಕೇಳೋಣ.