ಪದವಿ, ಉದ್ಯಮ ಮತ್ತು ಆಚಾರ್ಯ ರಾಯ್

ಪದವೀಧರರು ಉದ್ಯೋಗ ಅರಸುವವರಾಗದೆ ಉದ್ಯೋಗ ನೀಡುವವರಾಗಬೇಕೆಂಬ ಉಪದೇಶ ಘಟಿಕೋತ್ಸವಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಉದ್ಯಮಶೀಲತೆಯನ್ನು ಪಠ್ಯವಿಷಯವಾಗಿಸಿದರೆ ಸಾಕು, ಯುವಜನರಲ್ಲಿ ಆ ಹಂಬಲ ತಾನಾಗಿ ಮೂಡುತ್ತದೆಂಬ ನಂಬಿಕೆಯೂ ಬಲವಾಗಿದೆ. ಅರ್ಥಶಾಸ್ತ್ರ ಓದಿ ಸರ್ಕಾರಿ ಸೇವೆಯಲ್ಲೇ ವೃತ್ತಿಜೀವನ ಕಳೆದ ನನಗೆ ಇಂತಹ ಸಂದರ್ಭಗಳಲ್ಲಿ ನೆನಪಾಗುವುದು ಆಚಾರ್ಯ ಪ್ರಫುಲ್ಲಚಂದ್ರ ರಾಯ್ ಅವರ ಬದುಕು.

ಈಗಿನ ಬಾಂಗ್ಲಾದೇಶದಲ್ಲಿರುವ ರಾರುಲಿ ಗ್ರಾಮದಲ್ಲಿ 1861ರ ಆಗಸ್ಟ್ 2ರಂದು ರಾಯ್ ಜನಿಸಿದರು. ಗಿಲ್‌ಕ್ರಿಸ್ಟ್ ವಿದ್ಯಾರ್ಥಿವೇತನ ಗಳಿಸಿ ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ತೆರಳಿ, 1887ರಲ್ಲಿ ಡಿಎಸ್‌ಸಿ ಪದವಿ ಪಡೆದರು. ಅಷ್ಟಾದರೂ ಶಿಕ್ಷಣ ಸೇವೆಯ ಮೇಲಿನ ಶ್ರೇಣಿ ಯುರೋಪಿಯನ್ನರಿಗೇ ಮೀಸಲೆಂಬಂತಿದ್ದ ಕಾಲವದು. 1889ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅವರಿಗೆ ದೊರೆತದ್ದು ತಿಂಗಳಿಗೆ 250 ರೂಪಾಯಿಯ ತಾತ್ಕಾಲಿಕ ಹುದ್ದೆ.

ಆ ಸಂಬಳದ ಉಳಿತಾಯದಿಂದಲೇ, ಸುಮಾರು 700 ರೂಪಾಯಿ ಬಂಡವಾಳದೊಂದಿಗೆ, 1892ರಲ್ಲಿ ಅಪ್ಪರ್ ಸರ್ಕ್ಯುಲರ್ ರಸ್ತೆಯ ಬಾಡಿಗೆ ಮನೆಯೊಂದರಲ್ಲಿ ಬೆಂಗಾಲ್ ಕೆಮಿಕಲ್ ಸಂಸ್ಥೆ ಆರಂಭವಾಯಿತು. ದನದ ಮೂಳೆಗಳನ್ನು ಸುಟ್ಟು, ಬೂದಿಯನ್ನು ಆಮ್ಲದಿಂದ ಸಂಸ್ಕರಿಸಿ ಫಾಸ್ಫೇಟ್ ಲವಣ ತಯಾರಿಸುವುದು ಮೊದಲ ಪ್ರಯತ್ನಗಳಲ್ಲೊಂದು. ಹಗಲು ಪಾಠ, ಸಂಜೆ ಔಷಧ ತಯಾರಿಕೆ. ವಿದೇಶಿ ಸರಕಿಗೆ ಒಗ್ಗಿದ್ದ ಅಂಗಡಿಕಾರರಿಗೆ ದೇಶಿ ಔಷಧದ ಮೇಲೆ ವಿಶ್ವಾಸವಿರಲಿಲ್ಲ. ಆಗ ನೆರವಾದವರು ಗೆಳೆಯ, ವೈದ್ಯ ಅಮೂಲ್ಯಚರಣ ಬೋಸ್. ಅವರು 1898ರಲ್ಲಿ ಪ್ಲೇಗಿಗೆ ಬಲಿಯಾದರು. ಆ ಆಘಾತವನ್ನೂ ದಾಟಿದ ಸಂಸ್ಥೆ 1901ರಲ್ಲಿ ಎರಡು ಲಕ್ಷ ರೂಪಾಯಿ ಬಂಡವಾಳದ ಲಿಮಿಟೆಡ್ ಕಂಪನಿಯಾಯಿತು.

ಪದವಿಯ ಗೀಳು ಬಂಗಾಳಿ ಯುವಕರನ್ನು ಗುಮಾಸ್ತಗಿರಿಗೆ ಕಟ್ಟಿಹಾಕುತ್ತಿದೆ, ವ್ಯಾಪಾರವೆಲ್ಲ ಅನ್ಯರ ಪಾಲಾಗುತ್ತಿದೆ ಎಂಬುದು ರಾಯ್ ಅವರ ಕೊನೆಯವರೆಗಿನ ಕೊರಗಾಗಿತ್ತು. ಆದರೆ ಆ ಯುವಕರನ್ನು ಸೋಮಾರಿಗಳೆಂದು ದೂರಲು ನನ್ನ ಮನಸ್ಸು ಒಪ್ಪದು. ಖಚಿತ ಸಂಬಳ, ಪಿಂಚಣಿ, ಸಮಾಜದ ಮನ್ನಣೆ ಒಂದು ಕಡೆ. ಸೋತರೆ ಕೈಹಿಡಿಯುವವರಿಲ್ಲದ ವ್ಯಾಪಾರ ಇನ್ನೊಂದು ಕಡೆ. ಅವರ ಆಯ್ಕೆ ಲೆಕ್ಕಾಚಾರಕ್ಕೆ ಸರಿಯಾದುದೇ. ಸ್ವತಃ ರಾಯ್ ಕೂಡ ಅಧ್ಯಾಪಕ ವೃತ್ತಿಯನ್ನು ತೊರೆಯಲಿಲ್ಲ ಎಂಬುದನ್ನು ಗಮನಿಸಬೇಕು. ಕಾಲೇಜಿನ ಸಂಬಳವೇ ಅವರ ಸಾಹಸಕ್ಕೆ ಬಂಡವಾಳ, ಎಡಿನ್‌ಬರೋದಲ್ಲಿ ಗಳಿಸಿದ ವಿದ್ಯೆಯೇ ತಂತ್ರಜ್ಞಾನ.

1916ರಲ್ಲಿ ರಾಯ್ ಕಲ್ಕತ್ತಾ ವಿಶ್ವವಿದ್ಯಾಲಯದ ವಿಜ್ಞಾನ ಕಾಲೇಜು ಸೇರಿದರು. ಅರವತ್ತು ತುಂಬಿದ ಮೇಲೆ ತಮ್ಮ ಸಂಬಳವನ್ನು ವಿಶ್ವವಿದ್ಯಾಲಯಕ್ಕೇ ಬಿಟ್ಟುಕೊಟ್ಟು ಅಲ್ಲಿನ ಕೋಣೆಯೊಂದರಲ್ಲಿ ಸರಳವಾಗಿ ಬಾಳಿದರು. 1944ರ ಜೂನ್ 16ರಂದು ನಿಧನರಾದರು. ಅವರ ಶಿಷ್ಯರಲ್ಲಿ ಮೇಘನಾದ ಸಹಾ, ಸತ್ಯೇಂದ್ರನಾಥ ಬೋಸ್ ಇದ್ದರು. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದ ಜ್ಞಾನಚಂದ್ರ ಘೋಷ್ ಇದ್ದರು. ಈ ಹೆಸರಾಂತ ಶಿಷ್ಯರು ಹಿಡಿದದ್ದು ಉದ್ಯಮದ ಹಾದಿಯನ್ನಲ್ಲ, ವಿಜ್ಞಾನದ ಹಾದಿಯನ್ನು. ಮುಂದೆ ನಷ್ಟಕ್ಕೆ ಸಿಲುಕಿದ ಬೆಂಗಾಲ್ ಕೆಮಿಕಲ್‌ನ ಆಡಳಿತವನ್ನು ಕೇಂದ್ರ ಸರ್ಕಾರ 1977ರಲ್ಲಿ ವಹಿಸಿಕೊಂಡು, 1980ರಲ್ಲಿ ರಾಷ್ಟ್ರೀಕರಣಗೊಳಿಸಿತು.

ಹಾಗಾದರೆ ಗುರುವಿನ ಆದರ್ಶ ವ್ಯರ್ಥವಾಯಿತೇ? ಖಂಡಿತ ಇಲ್ಲ. ಆದರೆ ಆದರ್ಶ ಆಸೆಯನ್ನು ಹುಟ್ಟಿಸಬಲ್ಲದು, ಅಂಜಿಕೆಯನ್ನು ನೀಗಿಸಲಾರದು. ರಾಯ್ ಅವರಿಗೆ ಸಂಬಳವೆಂಬ ಆಸರೆಯಿತ್ತು. ಇಪ್ಪತ್ತೆರಡರ ಹರೆಯದ, ಮನೆಯವರ ಸಾಲ ಹೊತ್ತ ವಿದ್ಯಾರ್ಥಿಗೆ ಅದಿಲ್ಲ. ಪ್ರಯೋಗಾಲಯದ ಬಾಗಿಲು ಸಂಜೆಯೂ ತೆರೆದಿರಲಿ, ವರ್ಷದ ಮಟ್ಟಿಗಾದರೂ ಜೀವನಕ್ಕೆ ಸಾಲುವಷ್ಟು ವೇತನ ಸಿಗಲಿ, ಸೋತು ಬಂದವನಿಗೆ ಮತ್ತೆ ಓದಲು ಅವಕಾಶವಿರಲಿ. ನಷ್ಟದ ಭಾರದಲ್ಲಿ ಪಾಲು ಹೊರಲು ಸಿದ್ಧವಿಲ್ಲದ ವಿಶ್ವವಿದ್ಯಾಲಯಕ್ಕೆ ಧೈರ್ಯದ ಬಗ್ಗೆ ಉಪದೇಶ ಮಾಡುವ ಅಧಿಕಾರವೂ ಇಲ್ಲ.